ನಾನು ಕಲಿಸದ ವರ್ಣ

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಅದೇನೂ ಹೆಚ್ಚುಗಾರಿಕೆಯಲ್ಲ. ಮನುಷ್ಯರನ್ನೇ ನಾನು ಅಷ್ಟಾಗಿ ನಂಬುತ್ತಿರಲಿಲ್ಲ. ಹಾಲಿನವನು ಎದುರಿಗೇ ಹಾಲು ಕರೆದು ಕೊಟ್ಟರೂ ತಂಬಿಗೆಯ ತಳ ಬಗ್ಗಿ ನೋಡುತ್ತಿದ್ದೆ. ಶಾಲೆಯಲ್ಲಿ ಯಾವಳಾದರೂ ಹೊಟ್ಟೆನೋವು ಎಂದರೆ ಯಾವ ಕಡೆ ನೋವು, ಎಷ್ಟು ಹೊತ್ತಿನಿಂದ, ಬೆಳಿಗ್ಗೆ ಏನು ತಿಂದೆ ಎಂದು ಪೊಲೀಸರ ಹಾಗೆ ಕೇಳುತ್ತಿದ್ದೆ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ಭೂತಗನ್ನಡಿ ಮಿಸ್’ ಎಂದು ಕರೆಯುತ್ತಿದ್ದರು. ಅವರಿಗೆ ಗೊತ್ತಿಲ್ಲದ ವಿಷಯವೆಂದರೆ ಆ ಹೆಸರು ನನಗೆ ಇಷ್ಟವಾಗಿತ್ತು.

ಇಂಥ ಅನುಭವಗಳನ್ನು ಬರೆಯುವವರ ಬಳಿ ಅಮಾವಾಸ್ಯೆಯ ರಾತ್ರಿಯೋ ಒಂಟಿ ದಾರಿಯೋ ಇರುತ್ತದೆ. ನನ್ನ ಹತ್ತಿರ ಅದೂ ಇಲ್ಲ. ನನಗಾದದ್ದು ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ, ಊಟ ಮಾಡಿ ಬಂದ ಐದು ಹುಡುಗಿಯರ ಎದುರು. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವ ಹಕ್ಕು ನನಗಿಲ್ಲ, ಯಾಕೆಂದರೆ ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಅರವತ್ತನೆಯ ಇಸವಿಯ ಆಸುಪಾಸು. ನಾನು ಭದ್ರಾವತಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಕಲಿಸುತ್ತಿದ್ದೆ. ಮನೆ ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ. ಅವ್ವ ಮತ್ತು ನಾನು ಇಬ್ಬರೇ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಸಂಜೆಯ ಗಾಡಿಯಲ್ಲಿ ಬರುತ್ತಿದ್ದೆ. ಅದೇ ಗಾಡಿಯಲ್ಲಿ, ಅದೇ ಶಾಲೆಗೆ, ಸಂಗೀತದ ಟೀಚರ್ ಅಂಬುಜಮ್ಮನವರೂ ಬರುತ್ತಿದ್ದರು. ಅವರ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಐವತ್ತು ದಾಟಿದ ಸಣಕಲು ಹೆಂಗಸು, ತಮ್ಮನ ಸಂಸಾರದ ಜೊತೆ ಇದ್ದವರು. ನನಗಿಂತ ಎರಡರಷ್ಟು ವಯಸ್ಸಾದರೂ ನನ್ನನ್ನು ‘ಬಾರೇ ಮಾರಾಯ್ತಿ’ ಎಂದು ಸಲಿಗೆಯಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಗಾಡಿ ಹೊರಟದ್ದೇ ಅವರು ಕಿಟಕಿಯ ಕಡೆ ಮುಖ ಮಾಡಿ ಏನನ್ನೋ ಗುನುಗಲು ಶುರುಮಾಡುವರು. ನಾನು ತೊಡೆಯ ಮೇಲೆ ಉತ್ತರಪತ್ರಿಕೆಗಳನ್ನಿಟ್ಟುಕೊಂಡು ತಿದ್ದುವೆನು. ಎರಡು ವರ್ಷ ಹೀಗೇ ನಡೆಯಿತು. ಅವರು ಏನು ಹಾಡುತ್ತಿದ್ದರು ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಅವರ ಪಾಠದ ರೀತಿಯೇ ಬೇರೆ. ಚಿಕ್ಕಂದಿನಲ್ಲಿ ಬಿದ್ದು ಬಲಗೈಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದ್ದರಿಂದ ತಾಳವನ್ನು ಎಡಗೈಯಲ್ಲಿ ಹಾಕುತ್ತಿದ್ದರು. ಸಂಗೀತದ ತರಗತಿ ಮಧ್ಯಾಹ್ನದ ಮೊದಲ ಪೀರಿಯಡ್. ಎರಡು ಗಂಟೆಗೆ ಊರಿನ ಕಬ್ಬಿಣದ ಕಾರ್ಖಾನೆಯ ಪಾಳಿ ಬದಲಾಗುವ ಸೈರನ್ ಕೂಗುತ್ತಿತ್ತು. ಬೇರೆ ಟೀಚರುಗಳು ಅದು ನಿಲ್ಲುವವರೆಗೆ ಕಾಯುತ್ತಿದ್ದರೆ ಅಂಬುಜಮ್ಮ ಅದರಿಂದಲೇ ಪಾಠ ಆರಂಭಿಸುತ್ತಿದ್ದರು. ಸೈರನ್ ಏರಿ ಒಂದು ಕಡೆ ನಿಲ್ಲುತ್ತದಲ್ಲ, ಅದೇ ನಮ್ಮ ಪಂಚಮ, ಹಿಡೀರಿ ಎನ್ನುವರು. ಶಾಲೆಯ ಶ್ರುತಿಪೆಟ್ಟಿಗೆಯ ತಿದಿ ತೂತಾಗಿ ಅರ್ಧಕ್ಕೇ ಉಸಿರು ಬಿಡುತ್ತಿತ್ತು. ಆದರೂ ಕಾರ್ಖಾನೆಯ ಲೈನುಮನೆಗಳಲ್ಲಿ ಹುಟ್ಟಿ ಬೆಳೆದ ಆ ಹುಡುಗಿಯರಿಗೆ ಸೈರನ್ ತೊಟ್ಟಿಲಿನಿಂದಲೇ ಕಿವಿಯಲ್ಲಿ ಕೂತಿತ್ತು, ಶ್ರುತಿ ತಪ್ಪುತ್ತಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ಸಂಗೀತವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರು ಐದೇ ಜನ. ಅವರಲ್ಲಿ ಒಬ್ಬಳು ಜುಬೇದಾ. ಮಾಚೇನಹಳ್ಳಿ ಹತ್ತಿರ ರಸ್ತೆ ಬದಿಯಲ್ಲಿ ಲಾರಿ ರಿಪೇರಿಯ ಷೆಡ್ಡು ಇಟ್ಟಿದ್ದ ಗೌಸ್ ಸಾಹೇಬರ ಹಿರಿಯ ಮಗಳು. ಗೇಟಿನವರೆಗೆ ಬುರ್ಖಾದಲ್ಲಿ ಬಂದು, ಒಳಗೆ ಅದನ್ನು ಅಚ್ಚುಕಟ್ಟಾಗಿ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಗಣಿತದಲ್ಲಿ ಏನೇನೂ ಸಾಲದು. ಹಾಡಿದರೆ ಮಾತ್ರ ಪಕ್ಕದ ತರಗತಿಯ ಮಕ್ಕಳು ಬರೆಯುವುದನ್ನು ನಿಲ್ಲಿಸುತ್ತಿದ್ದರು. ಇವಳು ಪರೀಕ್ಷೆಗೆ ಹಾಡುವ ವರ್ಣ ನಮ್ಮಪ್ಪನದು ಎಂದು ಅಂಬುಜಮ್ಮ ಗಾಡಿಯಲ್ಲಿ ನನಗೆ ಹೆಮ್ಮೆಯಿಂದ ಹೇಳಿದ್ದರು.

ವರ್ಣ ಎಂದರೆ ಸಂಗೀತ ಕಲಿಯುವವರು ಗೀತೆಗಳಾದ ಮೇಲೆ ಕಲಿಯುವ ದೊಡ್ಡ ಪಾಠ. ಮೊದಲರ್ಧ ಒಂದು, ಚರಣವೆಂಬ ಎರಡನೆಯ ಅರ್ಧ ಒಂದು. ಪರೀಕ್ಷೆಯಲ್ಲಿ ಯಾವ ಯಾವ ಹಾಡು ಹಾಡಿಸುತ್ತೇವೆ ಎಂಬ ಪಟ್ಟಿಯನ್ನು ವರ್ಷದ ಮೊದಲಲ್ಲೇ ಪರೀಕ್ಷಾ ಮಂಡಳಿಗೆ ಕಳಿಸಬೇಕಿತ್ತು. ಅಂಬುಜಮ್ಮ ಅಚ್ಚಾದ ಪುಸ್ತಕದ ಯಾವುದಾದರೂ ವರ್ಣದ ಹೆಸರು ಬರೆದಿದ್ದರೆ ಮುಗಿದಿತ್ತು. ಅವರು ತಮ್ಮಪ್ಪ ಕಟ್ಟಿದ, ಯಾವ ಪುಸ್ತಕದಲ್ಲೂ ಇಲ್ಲದ, ಬೇಗಡೆ ರಾಗದ ವರ್ಣವನ್ನು ಬರೆದು ಕಳಿಸಿದರು. ಅದೊಂದು ಅಭಿಮಾನ. ಜನವರಿ ತಿಂಗಳಲ್ಲಿ ಸಂಕ್ರಾಂತಿ ಕಳೆದು ಮೂರು ದಿನ ಜ್ವರ ಬಂದು ಅವರು ತೀರಿಕೊಂಡರು.

ಗಾಡಿಯಲ್ಲಿ ಪಕ್ಕದ ಜಾಗ ಖಾಲಿಯಾಯಿತು. ನನಗೆ ದುಃಖವಾಯಿತು, ಆದರೆ ಅತ್ತು ಕರೆಯುವಷ್ಟು ಹತ್ತಿರವಾಗಿದ್ದೆವೆಂದು ಆಗ ಅನ್ನಿಸಿರಲಿಲ್ಲ. ಹೊಸ ಸಂಗೀತದ ಟೀಚರ್ ಜೂನ್ ತನಕ ಬರುವಂತಿರಲಿಲ್ಲ. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, ಆ ಪೀರಿಯಡ್ ನಿಮಗೆ ಬಿಡುವಿದೆ, ಸುಮ್ಮನೆ ಹೋಗಿ ಕೂತಿರಿ, ಹುಡುಗಿಯರು ಕಲಿತದ್ದನ್ನೇ ಅಭ್ಯಾಸ ಮಾಡಿಕೊಳ್ಳಲಿ ಎಂದರು. ಅಂಬುಜಮ್ಮನವರ ತಮ್ಮ ಶಾಲೆಗೆ ತಂದುಕೊಟ್ಟಿದ್ದ ಅವರ ಸ್ವರಗಳ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟರು. ಹೊಸಬರು ಬಂದಾಗ ಕೊಟ್ಟರಾಯಿತೆಂದು ನಾನು ಅದನ್ನು ಬಿಚ್ಚಿಯೂ ನೋಡದೆ ಪ್ರಯೋಗಶಾಲೆಯ ಕಪಾಟಿನಲ್ಲಿ, ಆಸಿಡ್ ಬಾಟಲಿಗಳ ಪಕ್ಕ, ಇಟ್ಟು ಬೀಗ ಹಾಕಿದೆ. ಆ ಕಪಾಟಿನ ಬೀಗದ ಕೈ ನನ್ನ ಕೊರಳ ಸರದಲ್ಲೇ ಇರುತ್ತಿತ್ತು.

ಆ ವಾರವೇ ಗೌಸ್ ಸಾಹೇಬರು ಶಾಲೆಗೆ ಬಂದರು. ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಬಾಗಿಲ ಹೊರಗೇ ನಿಂತು ಮಾತಾಡಿದರು.

“ಮೇಡಂ, ಅಮ್ಮಾವ್ರು ಹೋಗ್ಬಿಟ್ರು. ಈಗ ನನ್ ಹುಡುಗಿ ಕತೆ ಏನು? ಗಾನಾ-ಬಜಾನಾ ಕಲಿಸ್ತೀಯಾ ಅಂತ ನಮ್ಮೋರೆಲ್ಲ ಕೇಳ್ತಾರೆ. ಪಾಸಾದ್ರೆ ಟೀಚರ್ ಟ್ರೈನಿಂಗ್‌ಗೆ ಹೋಗ್ತಾಳೆ ಅಂತ ಹೇಳಿ ಬಾಯಿ ಮುಚ್ಚಿಸಿದೀನಿ. ಫೇಲಾದ್ರೆ ಮನೇಲಿ ನನ್ ಮಾತು ನಡಿಯಲ್ಲ. ಅವಳ ಅಮ್ಮಿ ನಿಖಾಗೆ ಗಂಡು ನೋಡಿ ಕೂತಿದಾಳೆ.”

ಏನೂ ಆಗಲ್ಲ, ನಾನಿದೀನಿ ಎಂದೆ. ಯಾವ ಧೈರ್ಯದ ಮೇಲೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ ಕಾಪಿ ಹೊಡೆದು ನನ್ನ ಕೈಗೇ ಸಿಕ್ಕಿಬಿದ್ದ ಹುಡುಗಿಯೊಬ್ಬಳು ಶಾಲೆ ಬಿಟ್ಟು, ತಿಂಗಳೊಳಗೆ ಮದುವೆಯಾಗಿ ಹೋಗಿದ್ದಳು. ಆಗ ನನ್ನ ಕೆಲಸ ನಾನು ಮಾಡಿದೆ ಎಂದುಕೊಂಡಿದ್ದೆ. ಗೌಸ್ ಸಾಹೇಬರು ಹೊರಟುಹೋದ ಮೇಲೆ ಯಾಕೋ ಆ ಹುಡುಗಿಯ ನೆನಪಾಗಿ ಸ್ವಲ್ಪ ಕಸಿವಿಸಿಯಾಯಿತು.

ಆರು ವಾರ ಹೀಗೇ ಕಳೆಯಿತು. ದಿನವೂ ಎರಡು ಗಂಟೆಗೆ ಹೋಗಿ ಮೇಜಿನ ಮುಂದೆ ಕೂರುವುದು, ಒಂಬತ್ತನೆಯ ತರಗತಿಯ ಟೆಸ್ಟ್ ಪೇಪರುಗಳನ್ನು ತಿದ್ದುವುದು, ಗಂಟೆ ಹೊಡೆದ ಕೂಡಲೇ ಎದ್ದು ಬರುವುದು. ಹುಡುಗಿಯರು ಹಾಡಿಕೊಳ್ಳುತ್ತಿದ್ದರು. ನನ್ನ ಕಿವಿಗೆ ಅದು ಫ್ಯಾನಿನ ಸದ್ದಿನ ಹಾಗೆ.

ಫೆಬ್ರವರಿಯ ಕೊನೆಯಲ್ಲಿ ಮಂಡಳಿಯಿಂದ ಒಂದು ಫಾರಂ ಬಂತು. ಪಟ್ಟಿಯಲ್ಲಿರುವ ಪ್ರತಿಯೊಂದು ಹಾಡಿನ ಮುಂದೆ ‘ಶಾಲೆಯಲ್ಲಿ ಪೂರ್ತಿಯಾಗಿ ಕಲಿಸಲಾಗಿದೆ’ ಎಂದು ಶಿಕ್ಷಕರು ಸಹಿ ಮಾಡಬೇಕು. ಒಂದು ಹಾಡು ಬಿಟ್ಟುಹೋದರೂ ಆ ಮಕ್ಕಳು ಹಾಡುವ ಪರೀಕ್ಷೆಗೆ ಕೂರುವಂತಿಲ್ಲ. ಅಂಬುಜಮ್ಮ ತಮ್ಮ ಪಾಠದ ದಾಖಲೆಯಲ್ಲಿ ಕೊನೆಯದಾಗಿ ಬರೆದಿದ್ದದ್ದು ಹೀಗೆ: ‘ಬೇಗಡೆ ವರ್ಣ, ಮೊದಲರ್ಧ ಆಯಿತು. ಚರಣ ಹಬ್ಬದ ನಂತರ.’ ಹಬ್ಬದ ನಂತರ ಅವರು ಶಾಲೆಗೆ ಬಂದೇ ಇರಲಿಲ್ಲ.

ತರಗತಿಗೆ ಹೋಗಿ ಹುಡುಗಿಯರಿಗೆ ವಿಷಯ ಹೇಳಿದೆ. ಅಳುತ್ತಾರೇನೋ ಎಂದುಕೊಂಡಿದ್ದೆ. ಸೆಲ್ವಿ ಎಂಬ ಹುಡುಗಿ ಎದ್ದು ನಿಂತು, “ಚರಣಾನೂ ಬರುತ್ತೆ ಮಿಸ್” ಎಂದಳು. ಜುಬೇದಾ ಕಣ್ಣು ಮುಚ್ಚಿ ಶುರುಮಾಡಿದಳು. ಐದೂ ಜನ ಸೇರಿಕೊಂಡರು. ಎಲ್ಲೂ ತಡವರಿಸದೆ, ಒಂದೇ ಕೊರಳಿನ ಹಾಗೆ, ಕೊನೆಯವರೆಗೂ ಹಾಡಿ ನಿಲ್ಲಿಸಿದರು.

ಸಂತೋಷಪಡಬೇಕಾದ ಹೊತ್ತಿನಲ್ಲಿ ನನ್ನೊಳಗಿನ ಭೂತಗನ್ನಡಿ ಎದ್ದು ಕೂತಿತು. ಕಲಿಸುವವರು ಸತ್ತಿದ್ದಾರೆ, ಪುಸ್ತಕ ನನ್ನ ಬೀಗದಲ್ಲಿದೆ, ಇವರಿಗೆ ಬಂದದ್ದು ಹೇಗೆ? ಕದ್ದಿದ್ದಾರೆ ಎಂದು ತೀರ್ಮಾನಿಸಿದೆ. ಯಾರು ಹೇಳಿಕೊಟ್ಟರು ಎಂದು ಗಟ್ಟಿಯಾಗಿ ಕೇಳಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಜುಬೇದಾ ಹೇಳಿದಳು:

“ನೀವೇ ಅಲ್ವಾ ಮಿಸ್.”

ನನಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕೆ ಕಾರಣ ನಿಮಗೆ ಹೇಳಲೇಬೇಕು. ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ಪ್ರಾರ್ಥನೆಗೆ ನಿಂತಿದ್ದವಳನ್ನು ಮೇಷ್ಟ್ರು ಎಲ್ಲರ ಎದುರು ಕರೆದು, “ನೀನು ಬಾಯಿ ಮಾತ್ರ ಆಡಿಸು, ದನಿ ತೆಗೀಬೇಡ” ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವತ್ತಿನಿಂದ ನಾನು ಹಾಡಿದವಳಲ್ಲ. ಶಿವರಾತ್ರಿಯ ಭಜನೆಯಲ್ಲೂ ಅವ್ವನ ಪಕ್ಕ ಕೂತು ಬಾಯಿ ಆಡಿಸುತ್ತಿದ್ದೆ, ಅಷ್ಟೆ. ಈ ಹುಡುಗಿಯರಿಗೆ ಅದು ಹೇಗೋ ಗೊತ್ತಾಗಿ ಗೇಲಿ ಮಾಡುತ್ತಿದ್ದಾರೆ ಎಂದೇ ತಿಳಿದೆ.

ಒಬ್ಬೊಬ್ಬರನ್ನೇ ಪ್ರಯೋಗಶಾಲೆಗೆ ಕರೆಸಿದೆ. ಮಾತು ಹೊಂದಿಸಿಕೊಳ್ಳಲು ಬಿಡಬಾರದೆಂದು ಉಳಿದವರನ್ನು ಬೇರೆ ಬೇರೆ ತರಗತಿಗಳಲ್ಲಿ ಕೂರಿಸಿದೆ. ಐದು ಜನರೂ ಹೇಳಿದ್ದು ಒಂದೇ. ಸೈರನ್ ನಿಂತ ಮೇಲೆ ನೀವು ಪೇಪರ್ ತಿದ್ದುತ್ತಾ ತಿದ್ದುತ್ತಾ ಹಾಡ್ತಿದ್ರಿ, ತಲೆ ಎತ್ತುತ್ತಿರಲಿಲ್ಲ, ಬಲಗೈಯಲ್ಲಿ ಕೆಂಪು ಪೆನ್ನು, ಎಡಗೈಯಲ್ಲಿ ಮೇಜಿನ ಅಂಚಿನ ಮೇಲೆ ತಾಳ, ನಾವು ತಪ್ಪಿದರೆ ನೀವು ಅದೇ ಜಾಗವನ್ನು ಮತ್ತೆ ಮತ್ತೆ ಹಾಡ್ತಿದ್ರಿ. ಮೊದಲ ದಿನ ಹೆದರಿಕೆಯಾಯ್ತು, ಆಮೇಲೆ ಅಭ್ಯಾಸವಾಯ್ತು ಎಂದಳು ಸೆಲ್ವಿ. ನನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂದರೆ, “ನೀವು ಹಾಡಿದ್ದನ್ನ ನಿಮಗೇ ಹೇಳೋದು ಹೆಂಗೆ ಮಿಸ್?” ಎಂದಳು.

ಬೀಗ ನೋಡಿದೆ, ಗೀರು ಕೂಡ ಇರಲಿಲ್ಲ. ಕಪಾಟು ತೆಗೆದೆ. ನಾನು ಪುಸ್ತಕವಿಟ್ಟ ದಿನ ಅದರ ಮುಂದೆ ಒಂದು ತ್ರಾಸಿನ ತಟ್ಟೆ ಒರಗಿಸಿಟ್ಟಿದ್ದೆ, ಅದು ಹಾಗೇ ಧೂಳು ಹಿಡಿದು ನಿಂತಿತ್ತು. ನೋಟ್‌ಬುಕ್ ಬಿಚ್ಚಿದೆ. ಬೇಗಡೆ ವರ್ಣದ ಮೊದಲರ್ಧ ಎರಡು ಪುಟಗಳಲ್ಲಿ ಸ್ವರಸಹಿತ ಬರೆದಿತ್ತು. ಮೂರನೆಯ ಪುಟದ ತಲೆಯಲ್ಲಿ ಅಂಬುಜಮ್ಮನವರ ಗುಂಡು ಅಕ್ಷರದಲ್ಲಿ ‘ಚರಣ’ ಎಂದಿತ್ತು. ಕೆಳಗೆ ಏನೂ ಇರಲಿಲ್ಲ. ಮುಂದಿನ ಪುಟಗಳೆಲ್ಲ ಖಾಲಿ.

ಅಂದರೆ ಕದ್ದರೂ ಪ್ರಯೋಜನವಿರಲಿಲ್ಲ. ಅವತ್ತು ಸಂಜೆ ಊರಿಗೆ ಬಂದವಳೇ ಅಂಬುಜಮ್ಮನವರ ತಮ್ಮನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಆ ಚರಣ ಯಾರಿಗೆ ಬರುತ್ತದೆ ಎಂದು ಕೇಳಿದೆ. “ಅಪ್ಪ ಅಕ್ಕನಿಗೊಬ್ಬಳಿಗೇ ಹೇಳಿಕೊಟ್ಟಿದ್ದು. ನನಗೂ ಬರಲ್ಲ ಮಾರಾಯ್ತಿ. ಅವಳ ಜೊತೇಲೇ ಹೋಯ್ತು ಅಂತ ನಾವು ಬೇಜಾರು ಮಾಡ್ಕೊಂಡಿದೀವಿ” ಎಂದರು. ನಾನು ಎದ್ದು ಬಂದೆ.

ಮನೆಯಲ್ಲಿ ಅವ್ವ ಕಾಳುಮೆಣಸಿನ ಕಷಾಯ ಕೊಟ್ಟಳು. ಹದಿನೈದು ದಿನದಿಂದ ನನಗೆ ಗಂಟಲು ಕೆರೆತ, ಸೀಮೆಸುಣ್ಣದ ಧೂಳು ಎಂದುಕೊಂಡಿದ್ದೆ. ಲೋಟ ಕೊಡುವಾಗ ಅವ್ವ ನನ್ನ ಕೈ ಹಿಡಿದು, “ಅಲ್ಲ ಕಣೇ, ಎಡಗೈ ಬಳೆ ಮಾತ್ರ ಯಾಕೆ ಒಡೀತಾವೆ? ಮೊನ್ನೆ ತಾನೇ ಆರು ಹಾಕ್ಸಿದ್ದು, ಮೂರು ಉಳಿದಾವೆ” ಎಂದಳು. ಬಲಗೈಯಲ್ಲಿ ಆರೂ ಇದ್ದವು. ನಾನು ಕಷಾಯ ಕುಡಿಯದೆ ಹಾಗೇ ಇಟ್ಟುಬಿಟ್ಟೆ.

ಅನುಮಾನದವರಿಗೆ ಅಷ್ಟು ಸುಲಭಕ್ಕೆ ಸಮಾಧಾನವಾಗುವುದಿಲ್ಲ. ಆ ಆರು ವಾರಗಳಲ್ಲಿ ತಿದ್ದಿದ ಪೇಪರುಗಳನ್ನೆಲ್ಲ ಮಕ್ಕಳಿಂದ ವಾಪಸು ತರಿಸಿ ನೋಡಿದೆ. ನಾನು ಬೇರೆ ಲೋಕದಲ್ಲಿದ್ದಿದ್ದರೆ ಒಂದು ಕೂಡುವ ಲೆಕ್ಕವಾದರೂ ತಪ್ಪಿರಬೇಕಿತ್ತು. ಎಲ್ಲೂ ತಪ್ಪಿರಲಿಲ್ಲ. ‘ಘಟಕ ಬರೆದಿಲ್ಲ, ಅರ್ಧ ಅಂಕ ಕಡಿತ’ ಎಂಬ ಷರಾಗಳು ಕೂಡ ಅಲ್ಲಲ್ಲೇ ಇದ್ದವು. ಇಂಥ ಷರಾ ಬರೆಯುತ್ತಾ ಯಾರಿಗಾದರೂ ಹಾಡಲು ಬರುತ್ತದೆಯೇ? ಮರುದಿನ ಪೇಪರುಗಳನ್ನು ಒಯ್ಯದೆ, ಕೈಕಟ್ಟಿ ಹುಡುಗಿಯರನ್ನೇ ದುರುಗುಟ್ಟಿ ನೋಡುತ್ತಾ ಕೂತೆ. ಸೈರನ್ ಕೂಗಿ ನಿಂತಿತು. ಏನೂ ಆಗಲಿಲ್ಲ. ಗಂಟೆ ಹೊಡೆಯುವಾಗ ಜುಬೇದಾ ಮೆಲ್ಲಗೆ, “ನೀವು ತಿದ್ದುವಾಗ ಮಾತ್ರ ಮಿಸ್” ಎಂದಳು. ನೋಡಿದಿರಾ ಎಷ್ಟು ಜಾಣತನ ಎಂದು ನನಗೆ ಮತ್ತೆ ಸಿಟ್ಟು ಬಂತು.

ಒಂದು ದಾರಿ ಉಳಿದಿತ್ತು. ಅಂಬುಜಮ್ಮ ಡಿಸೆಂಬರಿನಲ್ಲೇ ಚರಣವನ್ನು ಜುಬೇದಾಳಿಗೆ ಕಲಿಸಿ, ದಾಖಲೆಯಲ್ಲಿ ಬರೆಯಲು ಮರೆತಿರಬಹುದು. ಅವಳು ಉಳಿದವರಿಗೆ ಕಲಿಸಿರಬಹುದು. ಎಷ್ಟು ಸರಳ! ಆದರೆ ಹಾಗಿದ್ದರೆ ಅದನ್ನೇ ಹೇಳಬಹುದಿತ್ತಲ್ಲ? ‘ಅಮ್ಮಾವ್ರು ಮೊದಲೇ ಹೇಳಿಕೊಟ್ಟಿದ್ರು ಮಿಸ್’ ಎಂದಿದ್ದರೆ ನಾನು ಆ ಕ್ಷಣವೇ ಸಹಿ ಮಾಡುತ್ತಿದ್ದೆ. ಕಾಪಿ ಹೊಡೆಯುವವರನ್ನು ಹಿಡಿದು ಹಿಡಿದು ನನಗೆ ಒಂದು ವಿಷಯ ಗೊತ್ತಿತ್ತು, ಮಕ್ಕಳು ಸುಳ್ಳು ಹೇಳುವುದು ಬಚಾವಾಗುವುದಕ್ಕೆ. ಈ ಮಾತಿನಿಂದ ಅವರಿಗೆ ಆದದ್ದು ಬೈಗುಳ ಮಾತ್ರ.

ಫಾರಂ ಕಳಿಸುವ ಕೊನೆಯ ದಿನ ‘ಕಲಿಸಿದವರು’ ಎಂಬ ಜಾಗದಲ್ಲಿ ಅಂಬುಜಮ್ಮನವರ ಹೆಸರು ಬರೆದೆ. ಹೆಡ್‌ಮಿಸ್ಟ್ರೆಸ್ ನೋಡಿ, ಜನವರಿಯಲ್ಲಿ ತೀರಿಕೊಂಡವರು ಫೆಬ್ರವರಿಯಲ್ಲಿ ಪಾಠ ಮುಗಿಸಿದರು ಎಂದು ಕಳಿಸಿದರೆ ನಮಗೇ ಹುಚ್ಚು ಅಂತಾರೆ, ಪೀರಿಯಡ್ ನಿಮ್ಮದು, ನೀವೇ ಸಹಿ ಮಾಡಿ ಎಂದು ಆ ಹೆಸರನ್ನು ಹೊಡೆದು ಹಾಕಿದರು. ಕಿಟಕಿಯಾಚೆ ಜುಬೇದಾ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ. ಕಾಪಿ ಹಿಡಿಯುವುದರಲ್ಲಿ ಹೆಸರಾಗಿದ್ದ ನಾನು, ಬೇಗಡೆ ವರ್ಣವನ್ನು ಚರಣಸಹಿತ ನಾನೇ ಕಲಿಸಿದ್ದೇನೆ ಎಂದು ಸಹಿ ಹಾಕಿದೆ. ನನ್ನ ಪ್ರಕಾರ ಅದು ಹಸಿ ಸುಳ್ಳು.

ಹಾಡುವ ಪರೀಕ್ಷೆ ಏಪ್ರಿಲ್‌ನಲ್ಲಿ ಶಿವಮೊಗ್ಗದ ಒಂದು ಶಾಲೆಯ ಕೋಣೆಯಲ್ಲಿ ನಡೆಯಿತು. ಪರೀಕ್ಷಕರು ಮೈಸೂರಿನಿಂದ ಬಂದ ಹಿರಿಯ ವಿದ್ವಾಂಸರು. ಪರೀಕ್ಷಕರು ಗಂಡಸರಾದರೆ ಹೆಣ್ಣುಮಕ್ಕಳ ಜೊತೆ ಒಬ್ಬ ಟೀಚರ್ ಒಳಗೆ ಕೂತಿರಬೇಕು ಎಂಬುದು ಆಗಿನ ಪದ್ಧತಿ. ಬಾಯಿ ಬಿಡಬಾರದು ಎಂಬುದು ನಿಯಮ. ಹೇಳಿಕೊಟ್ಟದ್ದು ಗೊತ್ತಾದರೆ ಆ ಶಾಲೆಯ ಅಷ್ಟೂ ಮಕ್ಕಳ ಪರೀಕ್ಷೆ ರದ್ದು. ನಾನು ಹಿಂದೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಮಕ್ಕಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅದಕ್ಕೇ ಚೀಲದಿಂದ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯ ಪೇಪರುಗಳನ್ನು ತೆಗೆದು ತಿದ್ದಲು ಕೂತೆ. ಆ ಹೊತ್ತಿಗೆ ‘ನೀವು ತಿದ್ದುವಾಗ ಮಾತ್ರ’ ಎಂಬ ಮಾತು ನೆನಪಾಗಲಿಲ್ಲ, ದೇವರಾಣೆಗೂ.

ನಾಲ್ಕು ಹುಡುಗಿಯರದು ಮುಗಿಯಿತು. ಕೊನೆಗೆ ಜುಬೇದಾ. ವರ್ಣದ ಮೊದಲರ್ಧವನ್ನು ಸೊಗಸಾಗಿ ಹಾಡಿ ಚರಣಕ್ಕೆ ಬಂದವಳು ಎರಡನೆಯ ಸಾಲಿನಲ್ಲಿ ನಿಂತುಬಿಟ್ಟಳು. ಅದು ನನಗೂ ಗೊತ್ತಾಯಿತು. ಬರೀ ಶ್ರುತಿಪೆಟ್ಟಿಗೆಯ ಸದ್ದು ಉಳಿಯಿತು. ಮಗೂ, ಮರೀಬೇಡ ಎಂದು ಒಳಗೊಳಗೇ ಬೇಡಿಕೊಂಡೆ. ಕಣ್ಣು ಪೇಪರಿನ ಮೇಲೇ ಇತ್ತು. ನೀರಿನ ಕುದಿಬಿಂದುವನ್ನು ತಪ್ಪು ಬರೆದಿದ್ದ ಒಂದು ಉತ್ತರಕ್ಕೆ ಕೆಂಪು ಗೆರೆ ಎಳೆದೆ, ಅದು ಸ್ಪಷ್ಟವಾಗಿ ನೆನಪಿದೆ. ಅಷ್ಟರಲ್ಲಿ ಜುಬೇದಾ ಮುಂದುವರಿಸಿದಳು. ನಾನು ಉಸಿರು ಬಿಟ್ಟೆ.

ಪರೀಕ್ಷಕರು ಕೈಯೆತ್ತಿ ನಿಲ್ಲಿಸಿದರು. ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

“ಏನಮ್ಮ, ಹೇಳಿಕೊಡಬಾರದು ಅಂತ ಗೊತ್ತಿಲ್ಲವೇ?”

ನಾನು ಬಾಯಿ ತೆಗೆದಿಲ್ಲ ಎಂದೆ. ಅವರಿಗೆ ಕೋಪ ಬಂತು. ನನ್ನ ಕಣ್ಣು ಮಂಜಾಗಿರಬಹುದು, ಕಿವಿ ಮಂಜಾಗಿಲ್ಲ, ಇಡೀ ಸಾಲನ್ನು ಹಾಡಿ ತೋರಿಸಿದಿರಲ್ಲ, ತಾಳ ಬೇರೆ ಹಾಕಿದಿರಿ ಎಂದು ವರದಿಯ ಹಾಳೆಯನ್ನು ಮುಂದಕ್ಕೆಳೆದು ಪೆನ್ನಿನ ಮುಚ್ಚಳ ತೆಗೆದರು. ಜುಬೇದಾಳ ಮುಖ ಬಿಳಿಚಿಕೊಂಡಿತ್ತು. ಅವರು ಎರಡು ಸಾಲು ಬರೆದರೆ ಸಾಕಿತ್ತು, ಐದು ಜನರ ಓದು ಅಲ್ಲಿಗೆ ಮುಗಿಯುತ್ತಿತ್ತು. ಉಳಿದ ನಾಲ್ವರು ಹೇಗೋ ಮುಂದಿನ ವರ್ಷ ಕಟ್ಟುತ್ತಿದ್ದರೋ ಏನೋ, ಇವಳಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ.

ನಾನು ಎದ್ದು ಹೋಗಿ ಅವರ ಮೇಜಿನ ಮುಂದೆ ನಿಂತೆ. “ಸ್ವಾಮಿ, ನಾನು ವಿಜ್ಞಾನದ ಟೀಚರ್. ನನಗೆ ಹಾಡೋಕೆ ಬರಲ್ಲ. ಹುಟ್ಟಿದಾಗಿನಿಂದ ಬಂದಿಲ್ಲ” ಎಂದೆ. ಹಾಗಾದರೆ ಒಂದು ಷಡ್ಜ ಹಿಡೀರಿ ನೋಡೋಣ ಎಂದರು. ಇಪ್ಪತ್ತು ವರ್ಷದಿಂದ ಯಾರ ಎದುರೂ ತೆಗೆಯದ ದನಿಯನ್ನು ತೆಗೆದೆ. ಅದು ಹೇಗಿತ್ತೆಂದು ವರ್ಣಿಸುವುದಿಲ್ಲ. ಹಳೆಯ ಬಾವಿಯ ರಾಟೆ ಇನ್ನೂ ವಾಸಿ. ಮೇಲಿನ ಸ್ವರಕ್ಕೆ ಹೋಗಿ ಎಂದರು. ಹೋದೆ. ಬಾಗಿಲಲ್ಲಿದ್ದ ಜವಾನ ಕಿಸಕ್ಕನೆ ನಕ್ಕ. ಅವಮಾನದಿಂದ ನನ್ನ ಕಿವಿ ಕೆಂಪಾಯಿತು, ಆದರೂ ಇನ್ನೊಮ್ಮೆ ಹಾಡಿದೆ. ಆ ಕ್ಷಣ ನನ್ನ ದನಿ ಇನ್ನೂ ಕೆಟ್ಟದಾಗಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

ಆ ಹಿರಿಯರು ಪೆನ್ನನ್ನು ಕೆಳಗಿಟ್ಟರು. ಜುಬೇದಾಳಿಗೆ ಮೊದಲಿನಿಂದ ಹಾಡು ಎಂದರು. ನನ್ನನ್ನು ತಮ್ಮ ಮೇಜಿನ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಅವಳು ಅಳುತ್ತಲೇ ಶುರುಮಾಡಿ, ಅಳು ನಿಲ್ಲಿಸಿ, ಚರಣದ ಕೊನೆಯವರೆಗೂ ಒಂದು ಕಡೆಯೂ ಎಡವದೆ ಹಾಡಿದಳು. ಅವರು ಅಂಕ ಬರೆದರು.

ಹೊರಡುವಾಗ ನನ್ನನ್ನೊಬ್ಬಳನ್ನೇ ಕರೆದರು. “ನಾನು ಏನೂ ಬರೆದಿಲ್ಲ, ಹೆದರಬೇಡಿ. ನಿಮಗೆ ಹಾಡಲು ಬರುವುದಿಲ್ಲ, ಅದು ಖಂಡಿತ. ಆದರೆ ನಾನು ಕೇಳಿದ್ದೂ ಖಂಡಿತ” ಎಂದು ಕಿಟಕಿಯ ಪಕ್ಕದ ಆ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ ಚೀಲ ಎತ್ತಿಕೊಂಡರು.

ಅದುವರೆಗೆ ನನ್ನ ಹತ್ತಿರ ಒಂದು ಆಸರೆಯಿತ್ತು. ಐದು ಹುಡುಗಿಯರು ಕೂಡಿ ಆಟ ಕಟ್ಟಿದ್ದಾರೆ ಎಂದುಕೊಂಡಿದ್ದೆ. ಈ ಪರೀಕ್ಷಕರು ನಮ್ಮ ಶಾಲೆಯನ್ನು ಕಂಡವರಲ್ಲ, ಅಂಬುಜಮ್ಮನನ್ನು ಬಲ್ಲವರಲ್ಲ. ಅವರಿಗೆ ನನ್ನನ್ನು ಮೋಸಗೊಳಿಸಿ ಆಗಬೇಕಾದ್ದೇನಿತ್ತು? ಗಾಡಿಯಲ್ಲಿ ಎರಡು ವರ್ಷ ಪಕ್ಕದಲ್ಲಿ ಕೂತು ಗುನುಗಿದ್ದು ನನಗೆ ತಿಳಿಯದೆ ನನ್ನೊಳಗೆ ಇಳಿದಿರಬಹುದು ಎಂದು ಆಮೇಲೆ ಯೋಚಿಸಿದೆ. ವಿಜ್ಞಾನಕ್ಕೆ ಅದು ಒಪ್ಪಿಗೆಯಾಗಬಹುದು. ಹಾಡು ಇಳಿಯಿತು ಎಂದೇ ಇಟ್ಟುಕೊಳ್ಳೋಣ, ಕೊರಳು ಎಲ್ಲಿಂದ ಬಂತು? ಕೆಂಪು ಪೆನ್ನಿನ ಗೆರೆ ನೆನಪಿರುವ ನನಗೆ ಅದೊಂದು ಯಾಕೆ ನೆನಪಿಲ್ಲ?

ಫಲಿತಾಂಶ ಬಂದ ಮೇಲೆ ಗೌಸ್ ಸಾಹೇಬರು ಮಗಳನ್ನು ಕರೆದುಕೊಂಡು ಕೋಟೆಯ ನಮ್ಮ ಮನೆಗೆ ಬಂದರು. ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಅವರು ಅವ್ವನ ಹತ್ತಿರ ಮಾತಾಡುತ್ತಾ ಹೊರಗೆ ಕೂತರು. ನಾನು ಜುಬೇದಾಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದೆ. ಈಗ ಶಾಲೆ ಮುಗಿಯಿತು, ನಿನ್ನನ್ನು ಯಾರೂ ಏನೂ ಮಾಡುವ ಹಾಗಿಲ್ಲ, ನಿಜ ಹೇಳು, ನಾನು ಬೈಯುವುದಿಲ್ಲ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. “ಇನ್ನೂ ನಂಬಲ್ವಾ ಮಿಸ್? ಅಲ್ಲಾನ ಆಣೆ, ನೀವೇ” ಎಂದಳು.

ಮತ್ತೆ ಪ್ರಶ್ನೆಗಳನ್ನು ಜೋಡಿಸಿಕೊಂಡೇ ಕೂತಿದ್ದೆ. ಯಾವ ದಿನ, ಎಷ್ಟು ಹೊತ್ತು, ಮೊದಲು ಕೇಳಿದವರು ಯಾರು, ಎಲ್ಲ ತಯಾರಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

“ಹೇಗಿತ್ತೇ?”

“ಏನು ಮಿಸ್?”

“ನನ್ನ ದನಿ.”

ಅವಳು ಯೋಚಿಸಿ, “ಚೆನ್ನಾಗಿತ್ತು ಮಿಸ್. ಸ್ವಲ್ಪ ಬೈದ ಹಾಗೆ ಇರ್ತಿತ್ತು. ಆದ್ರೆ ತುಂಬಾ ಚೆನ್ನಾಗಿತ್ತು” ಎಂದಳು. ನಾನು ಅವಳ ಕಡೆ ಬೆನ್ನು ಮಾಡಿ, ಅಗತ್ಯವಿಲ್ಲದಿದ್ದರೂ, ಗೂಡಿನಲ್ಲಿದ್ದ ಲೋಟಗಳನ್ನು ತೆಗೆದು ತೆಗೆದು ಇಟ್ಟೆ.

ಇವತ್ತಿಗೂ ನಾನು ಅನುಮಾನದ ಹೆಂಗಸೇ. ಆ ದನಿಯನ್ನು ಐದು ಹುಡುಗಿಯರೂ ಒಬ್ಬ ವಿದ್ವಾಂಸರೂ ಕೇಳಿದ್ದಾರಂತೆ. ಕೇಳದೆ ಉಳಿದವಳು ನಾನೊಬ್ಬಳೇ. ಎಲ್ಲೋ ಒಂದು ಕಡೆ ನನಗೆ ಗೊತ್ತಾಗದ ಮೋಸ ಇರಲೇಬೇಕು ಎಂದು ಈಗಲೂ ಅನ್ನಿಸುತ್ತದೆ. ಅದು ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೆ ಹೇಳಬೇಡಿ.